ಐಕಾನಿನ ಅಡಿಯ ಚುಕ್ಕೆ: ಚಾಲನೆಯಲ್ಲಿರುವ ತಂತ್ರಾಂಶವನ್ನು ಪರದೆ ತೋರಿಸುವ ಬಗೆ

ಗಣಕದ ಪರದೆಯ ಅಂಚಿನಲ್ಲಿ ಸಾಲಾಗಿ ನಿಂತಿರುವ ಐಕಾನುಗಳ ಪಟ್ಟಿಗೆ ಲಾಂಚರ್ ಎಂದು ಹೆಸರು. ಮ್ಯಾಕ್ ಗಣಕಗಳಲ್ಲಿ ಇದು ಡಾಕ್, ವಿಂಡೋಸ್‌ನಲ್ಲಿ ಟಾಸ್ಕ್‌ಬಾರ್. ಪದೇ ಪದೇ ಬೇಕಾಗುವ ತಂತ್ರಾಂಶಗಳನ್ನು ಒಂದೇ ಕ್ಲಿಕ್ಕಿನಲ್ಲಿ ತೆರೆಯಲು ಅನುವು ಮಾಡಿಕೊಡುವುದು ಇದರ ಮೊದಲ ಕೆಲಸ. ಈಗಾಗಲೇ ತೆರೆದಿರುವ ತಂತ್ರಾಂಶಗಳು ಯಾವುವು ಎಂಬುದನ್ನು ತಿಳಿಸುವುದು ಎರಡನೆಯ ಕೆಲಸ. ಈ ಎರಡನೆಯ ಕೆಲಸವನ್ನು ಹೊತ್ತಿರುವುದು ಐಕಾನಿನ ಅಡಿಯಲ್ಲೋ ಪಕ್ಕದಲ್ಲೋ ಕಾಣುವ ಒಂದು ಚುಕ್ಕೆ, ಒಂದು ಗೆರೆ ಅಥವಾ ಒಂದು ಪುಟ್ಟ ತ್ರಿಕೋನ.

ನೋಟಕ್ಕೆ ಅಲ್ಪವೆನಿಸುವ ಈ ಗುರುತು ಕಣ್ಣಿಗೆ ಬೀಳದೆ ಹೋದರೆ ಆಗುವ ತೊಂದರೆ ಅಲ್ಪವಲ್ಲ. ತೆರೆದಿಟ್ಟ ಪತ್ರ ಬೇರೆ ಕಿಟಕಿಗಳ ಹಿಂದೆ ಮರೆಯಾದಾಗ ಅದು ಅಳಿಸಿಯೇ ಹೋಯಿತೆಂದು ಬಳಕೆದಾರರು ಕಂಗಾಲಾಗುತ್ತಾರೆ. ತಂತ್ರಾಂಶ ತೆರೆದುಕೊಳ್ಳುತ್ತಿದೆಯೋ ಇಲ್ಲವೋ ತಿಳಿಯದೆ ನಾಲ್ಕಾರು ಬಾರಿ ಕ್ಲಿಕ್ಕಿಸಿ, ಒಂದೇ ತಂತ್ರಾಂಶದ ನಾಲ್ಕಾರು ಪ್ರತಿಗಳನ್ನು ತೆರೆಯುತ್ತಾರೆ. ಮುಚ್ಚಿದೆವೆಂದು ಭಾವಿಸಿದ ತಂತ್ರಾಂಶ ಹಿನ್ನೆಲೆಯಲ್ಲಿ ಓಡುತ್ತಲೇ ಇದ್ದು ಲ್ಯಾಪ್‌ಟಾಪಿನ ಬ್ಯಾಟರಿಯನ್ನು ಬರಿದು ಮಾಡುತ್ತದೆ. ಉಳಿಸದ ಕಡತವಿರುವಾಗಲೇ ಗಣಕವನ್ನು ಆರಿಸುವವರೂ ಉಂಟು. ಹೀಗಾಗಿ ಈ ಗುರುತಿನ ವಿನ್ಯಾಸವನ್ನು ಅಲಂಕಾರದ ವಿಷಯವೆಂದು ಬದಿಗಿರಿಸಲಾಗದು. ಅದು ಗಣಕ ತನ್ನ ಸ್ಥಿತಿಗತಿಯ ಬಗ್ಗೆ ಬಳಕೆದಾರನಿಗೆ ಒಪ್ಪಿಸುವ ವರದಿ.

ಎರಡು ಪಟ್ಟಿಗಳು ಒಂದಾದ ಬಗೆ

ಆರಂಭದ ದಿನಗಳಲ್ಲಿ ತೆರೆಯಬಹುದಾದ ತಂತ್ರಾಂಶಗಳ ಪಟ್ಟಿ ಬೇರೆ, ತೆರೆದಿರುವ ತಂತ್ರಾಂಶಗಳ ಪಟ್ಟಿ ಬೇರೆಯಾಗಿತ್ತು. 1985ರ ನವೆಂಬರಿನಲ್ಲಿ ಬಿಡುಗಡೆಯಾದ ವಿಂಡೋಸ್‌ನ ಮೊದಲ ಆವೃತ್ತಿಯಲ್ಲಿ, ಕಿರಿದುಗೊಳಿಸಿದ ತಂತ್ರಾಂಶಗಳು ಪರದೆಯ ತಳದಲ್ಲಿ ಐಕಾನುಗಳಾಗಿ ಕೂರುತ್ತಿದ್ದವು. 1990ರಲ್ಲಿ ಬಂದ ವಿಂಡೋಸ್ 3.0ರಲ್ಲಿ ತಂತ್ರಾಂಶಗಳನ್ನು ತೆರೆಯಲು ಪ್ರೋಗ್ರಾಂ ಮ್ಯಾನೇಜರ್ ಎಂಬ ಪ್ರತ್ಯೇಕ ಕಿಟಕಿಯಿತ್ತು. ಅದರೊಳಗಿನ ಐಕಾನ್ ಹೊಸ ಪ್ರತಿಯನ್ನು ತೆರೆಯುತ್ತಿತ್ತು. ಪರದೆಯ ತಳದಲ್ಲಿದ್ದ ಐಕಾನ್ ಹಳೆಯದನ್ನು ಮರಳಿ ಮೇಲೆ ತರುತ್ತಿತ್ತು. ಎರಡೂ ನೋಡಲು ಒಂದೇ ರೀತಿ ಇದ್ದವು.

ಇದರ ಪರಿಣಾಮವೇನೆಂಬುದು ವಿಂಡೋಸ್ 95ರ ಸಿದ್ಧತೆಯ ಕಾಲದಲ್ಲಿ ಮೈಕ್ರೋಸಾಫ್ಟ್ ನಡೆಸಿದ ಬಳಕೆದಾರರ ಪರೀಕ್ಷೆಗಳಲ್ಲಿ ಬಯಲಾಯಿತು. ಆ ತಂಡದ ಕೆಂಟ್ ಸಲಿವಾನ್ 1996ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಒಂದು ಕಿಟಕಿ ಇನ್ನೊಂದರ ಹಿಂದೆ ಮರೆಯಾದಾಗ ಹೊಸ ಬಳಕೆದಾರರು ಅದು ಶಾಶ್ವತವಾಗಿ ಹೊರಟುಹೋಯಿತೆಂದೇ ತಿಳಿಯುತ್ತಿದ್ದರು. 1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95ರಲ್ಲಿ ಇದಕ್ಕೆ ದೊರೆತ ಪರಿಹಾರವೇ ಟಾಸ್ಕ್‌ಬಾರ್. ತೆರೆದಿರುವ ಪ್ರತಿಯೊಂದು ಕಿಟಕಿಗೂ ಹೆಸರು ಬರೆದ ಒಂದು ಗುಂಡಿ, ಪರದೆಯ ತಳದಲ್ಲಿ ಸದಾ ಗೋಚರ. ಮುಂದಿರುವ ಕಿಟಕಿಯ ಗುಂಡಿ ಒತ್ತಿದಂತೆ ತಗ್ಗಿ ಕಾಣುತ್ತಿತ್ತು. ಹೊಸದನ್ನು ತೆರೆಯಲು ಸ್ಟಾರ್ಟ್ ಗುಂಡಿ, ತೆರೆದಿರುವುದಕ್ಕೆ ಮರಳಲು ಈ ಪಟ್ಟಿ ಎಂಬ ವಿಭಜನೆ ಸ್ಪಷ್ಟವಾಗಿತ್ತು. ಪಟ್ಟಿಯಲ್ಲಿ ಇರುವುದೆಲ್ಲವೂ ಚಾಲನೆಯಲ್ಲಿರುವುದೇ ಆದ್ದರಿಂದ ಬೇರೆ ಗುರುತಿನ ಅಗತ್ಯವೇ ಇರಲಿಲ್ಲ.

ಈ ನಡುವೆ ಬೇರೊಂದು ಧಾರೆ ಹರಿಯುತ್ತಿತ್ತು. ಆಪಲ್ ಸಂಸ್ಥೆಯಿಂದ ಹೊರಬಂದ ಸ್ಟೀವ್ ಜಾಬ್ಸ್ ಕಟ್ಟಿದ ನೆಕ್ಸ್ಟ್ ಸಂಸ್ಥೆಯ ಗಣಕ 1988ರಲ್ಲಿ ಪ್ರದರ್ಶನಗೊಂಡಿತು. ಅದರ ಪರದೆಯ ಬಲ ಅಂಚಿನಲ್ಲಿ ಡಾಕ್ ಎಂಬ ಐಕಾನುಗಳ ಸಾಲಿತ್ತು. ತೆರೆಯುವುದಕ್ಕೂ ಮರಳುವುದಕ್ಕೂ ಅಲ್ಲಿ ಒಂದೇ ಐಕಾನ್. 1997ರಲ್ಲಿ ನೆಕ್ಸ್ಟ್ ಸಂಸ್ಥೆಯನ್ನು ಆಪಲ್ ಕೊಂಡುಕೊಂಡ ನಂತರ ಈ ಕಲ್ಪನೆ ಮ್ಯಾಕ್‌ಗೆ ಬಂತು. 2001ರ ಮಾರ್ಚ್ 24ರಂದು ಬಿಡುಗಡೆಯಾದ ಮ್ಯಾಕ್ ಓಎಸ್ ಟೆನ್‌ನ ಡಾಕ್ ಅದರ ನೇರ ವಾರಸುದಾರ. ಎರಡು ಪಟ್ಟಿಗಳು ಒಂದಾದ ಕ್ಷಣದಿಂದ, ಓಡುತ್ತಿರುವ ಐಕಾನನ್ನೂ ಸುಮ್ಮನೆ ಕುಳಿತಿರುವ ಐಕಾನನ್ನೂ ಬೇರ್ಪಡಿಸಿ ತೋರಿಸುವ ಸಂಪೂರ್ಣ ಹೊಣೆ ಒಂದು ಪುಟ್ಟ ಗುರುತಿನ ಮೇಲೆ ಬಿತ್ತು.

ಮೂರು ಚುಕ್ಕೆಯಿಂದ ಒಂದು ಚುಕ್ಕೆಗೆ

ನೆಕ್ಸ್ಟ್ ಗಣಕ ಬಳಸಿದ ಗುರುತು ಇಂದಿನ ರೂಢಿಗೆ ತದ್ವಿರುದ್ಧವಾದುದು. ಅಲ್ಲಿ ಚಾಲನೆಯಲ್ಲಿ ಇಲ್ಲದ ತಂತ್ರಾಂಶದ ಐಕಾನಿನ ಎಡ ಕೆಳಮೂಲೆಯಲ್ಲಿ ಮೂರು ಚುಕ್ಕೆಗಳಿರುತ್ತಿದ್ದವು. ತಂತ್ರಾಂಶ ತೆರೆದುಕೊಂಡೊಡನೆ ಚುಕ್ಕೆಗಳು ಮಾಯವಾಗುತ್ತಿದ್ದವು. ಇನ್ನೂ ಪೂರ್ಣವಾಗದ ಮಾತಿನ ಕೊನೆಯಲ್ಲಿ ಮೂರು ಚುಕ್ಕೆ ಇಡುವಂತೆ ಎಂದು ಅರ್ಥೈಸಿಕೊಂಡರೆ ತರ್ಕ ಸರಿಯೇ. ಆದರೆ ಇಲ್ಲಿ ಬಳಕೆದಾರ ಇಲ್ಲದಿರುವುದನ್ನು ಹುಡುಕಬೇಕು. ಹತ್ತು ಐಕಾನುಗಳ ಸಾಲಿನಲ್ಲಿ ಗುರುತುಳ್ಳ ಒಂದೆರಡನ್ನು ಕಣ್ಣು ಥಟ್ಟನೆ ಹೆಕ್ಕುತ್ತದೆ. ಗುರುತಿಲ್ಲದ ಒಂದೆರಡನ್ನು ಹೆಕ್ಕಲು ಒಂದೊಂದನ್ನೇ ನೋಡುತ್ತಾ ಹೋಗಬೇಕಾಗುತ್ತದೆ.

ಮ್ಯಾಕ್ ಓಎಸ್ ಟೆನ್ ಈ ಕ್ರಮವನ್ನು ತಿರುಗಿಸಿತು. ಚಾಲನೆಯಲ್ಲಿರುವ ತಂತ್ರಾಂಶದ ಐಕಾನಿನ ಅಡಿಯಲ್ಲಿ ಕಪ್ಪು ತ್ರಿಕೋನ ಮೂಡಿತು. ಗಾತ್ರ ಚಿಕ್ಕದಾದರೂ ಅಂಚು ಚೂಪು, ಹಿನ್ನೆಲೆಗಿಂತ ಸ್ಪಷ್ಟವಾಗಿ ಬೇರೆ. 2007ರ ಅಕ್ಟೋಬರಿನಲ್ಲಿ ಬಂದ ಲೆಪರ್ಡ್ ಆವೃತ್ತಿಯಲ್ಲಿ ಡಾಕ್ ಹೊಳೆಯುವ ಗಾಜಿನ ಹಲಗೆಯ ರೂಪ ತಾಳಿತು. ತ್ರಿಕೋನದ ಜಾಗದಲ್ಲಿ ತಿಳಿನೀಲಿ ಬೆಳಕಿನ ಬಿಂದು ಬಂತು. ಐಕಾನುಗಳ ಪ್ರತಿಬಿಂಬ ಬೀಳುವ ಮಿನುಗು ಹಲಗೆಯ ಮೇಲೆ ಮಂದವಾದ ಬೆಳಕಿನ ಬಿಂದು! ಅದು ಸರಿಯಾಗಿ ಕಾಣುವುದಿಲ್ಲ ಎಂಬ ಆಕ್ಷೇಪ ಕೂಡಲೇ ಕೇಳಿಬಂತು. 2014ರ ಯೊಸೆಮಿಟಿ ಆವೃತ್ತಿಯಲ್ಲಿ ಗಾಜಿನ ಹಲಗೆ ಹೋಗಿ ಚಪ್ಪಟೆ ಪಟ್ಟಿ ಬಂತು, ಗುರುತು ಸರಳ ಚುಕ್ಕೆಯಾಯಿತು. ಅಂದ ಹೆಚ್ಚಿದಾಗ ಅರ್ಥ ಮಸುಕಾದ ಪ್ರಸಂಗವಾಗಿ ವಿನ್ಯಾಸಕಾರರು ಇಂದಿಗೂ ನೆನೆಯಬೇಕಾದುದು ಲೆಪರ್ಡ್‌ನ ಬಿಂದುವನ್ನು.

ಗಾಜಿನ ಚೌಕಟ್ಟು, ಬಣ್ಣದ ಗೆರೆ

ವಿಂಡೋಸ್ ಕೂಡ ನಿಧಾನವಾಗಿ ಇದೇ ದಾರಿಗೆ ಬಂತು. 1997ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರ ಜೊತೆಗೆ ಕ್ವಿಕ್ ಲಾಂಚ್ ಎಂಬ ಚಿಕ್ಕ ಐಕಾನುಗಳ ಸಾಲು ಟಾಸ್ಕ್‌ಬಾರಿಗೆ ಸೇರಿತು. ಆದರೆ ಅದು ತೆರೆದ ಕಿಟಕಿಗಳ ಗುಂಡಿಗಳಿಂದ ಪ್ರತ್ಯೇಕವಾಗಿಯೇ ಉಳಿಯಿತು. 2009ರ ಅಕ್ಟೋಬರ್ 22ರಂದು ಬಿಡುಗಡೆಯಾದ ವಿಂಡೋಸ್ 7ರಲ್ಲಿ ಎರಡೂ ಬೆರೆತವು.

ಅಲ್ಲಿ ಅನುಸರಿಸಿದ ಕ್ರಮ ಗಮನಾರ್ಹ. ಚಾಲನೆಯಲ್ಲಿಲ್ಲದ ತಂತ್ರಾಂಶ ಕೇವಲ ಐಕಾನ್. ಚಾಲನೆಯಲ್ಲಿದ್ದರೆ ಅದರ ಸುತ್ತ ಗಾಜಿನಂಥ ಚೌಕಟ್ಟು. ಮುಂದಿರುವ ಕಿಟಕಿಯದ್ದಾದರೆ ಚೌಕಟ್ಟು ಇನ್ನಷ್ಟು ಬೆಳ್ಳಗೆ. ಒಂದೇ ತಂತ್ರಾಂಶದ ಹಲವು ಕಿಟಕಿಗಳಿದ್ದರೆ, ಒಂದರ ಹಿಂದೊಂದು ಜೋಡಿಸಿದ ಕಾರ್ಡುಗಳಂತೆ ಚೌಕಟ್ಟಿನ ಬಲ ಅಂಚು ಪದರಪದರವಾಗಿ ಕಾಣುತ್ತಿತ್ತು. ಮೌಸ್ ಹಾಯಿಸಿದಾಗ ಐಕಾನಿನ ಪ್ರಧಾನ ಬಣ್ಣವೇ ಬೆಳಕಾಗಿ ಹರಡುತ್ತಿತ್ತು. ಗುರುತು ಐಕಾನಿನಷ್ಟೇ ದೊಡ್ಡದಾಗಿದ್ದುದರಿಂದ ಅದನ್ನು ಕಾಣದಿರುವ ಪ್ರಮೇಯ ಕಡಿಮೆಯಿತ್ತು. 2015ರ ವಿಂಡೋಸ್ 10ರಲ್ಲಿ ಚೌಕಟ್ಟಿನ ಜಾಗಕ್ಕೆ ಐಕಾನಿನ ಅಡಿಯ ತೆಳು ಗೆರೆ ಬಂತು. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ರಲ್ಲಿ ಗೆರೆ ಮತ್ತೂ ಮೊಟಕಾಯಿತು: ಹಿಂದಿರುವ ತಂತ್ರಾಂಶಕ್ಕೆ ಬೂದು ಬಣ್ಣದ ಚಿಕ್ಕ ಗೆರೆ, ಮುಂದಿರುವುದಕ್ಕೆ ಬಣ್ಣದ ಉದ್ದ ಗೆರೆ. ಹನ್ನೆರಡು ವರ್ಷಗಳಲ್ಲಿ ಗುರುತು ಚೌಕಟ್ಟಿನಿಂದ ಗೆರೆಗೆ, ಗೆರೆಯಿಂದ ತುಣುಕಿಗೆ ಇಳಿದದ್ದು ಹೀಗೆ.

ಲಿನಕ್ಸ್ ಲೋಕದ ಪ್ರಯೋಗ

ಲಿನಕ್ಸ್ ಬಳಕೆದಾರರಿಗೆ ಪರಿಚಿತವಾದ ಉಬುಂಟು 2011ರ ಏಪ್ರಿಲ್ 28ರಂದು ಹೊರತಂದ 11.04 ಆವೃತ್ತಿಯಲ್ಲಿ ಯೂನಿಟಿ ಎಂಬ ಹೊಸ ಮುಖವನ್ನು ಪಡೆಯಿತು. ಅದರ ಲಾಂಚರ್ ಪರದೆಯ ಎಡ ಅಂಚಿನಲ್ಲಿ ನಿಂತಿರುತ್ತಿತ್ತು. ಅಗಲವಾದ ಪರದೆಗಳಲ್ಲಿ ಅಡ್ಡ ಜಾಗ ಹೆಚ್ಚು, ಎತ್ತರ ಕಡಿಮೆ ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಯೂನಿಟಿ ಗುರುತಿನ ಸ್ಥಾನವನ್ನೇ ಅರ್ಥವಾಗಿಸಿತು. ಐಕಾನಿನ ಎಡಕ್ಕೆ ಚಿಕ್ಕ ಬಿಳಿ ತ್ರಿಕೋನವಿದ್ದರೆ ತಂತ್ರಾಂಶ ಚಾಲನೆಯಲ್ಲಿದೆ ಎಂದರ್ಥ. ಎಡಕ್ಕೆ ಎರಡು ಅಥವಾ ಮೂರು ತ್ರಿಕೋನಗಳಿದ್ದರೆ ಅಷ್ಟು ಕಿಟಕಿಗಳು ತೆರೆದಿವೆ. ಮೂರಕ್ಕಿಂತ ಹೆಚ್ಚಿದ್ದರೂ ಮೂರೇ. ಬಲಕ್ಕೂ ಒಂದು ತ್ರಿಕೋನವಿದ್ದರೆ ಈಗ ಕಣ್ಣೆದುರಿಗಿರುವುದು ಅದೇ ತಂತ್ರಾಂಶ. ಇದಲ್ಲದೆ ಐಕಾನಿನ ಹಿಂದೆ ಅದರದೇ ಬಣ್ಣದ ಬೆಳಕನ್ನು ತುಂಬುವ ಏರ್ಪಾಡಿತ್ತು. ಆ ಬೆಳಕು ಎಲ್ಲ ಐಕಾನುಗಳಿಗೂ ಇರಬೇಕೋ, ಚಾಲನೆಯಲ್ಲಿರುವವಕ್ಕೆ ಮಾತ್ರ ಇರಬೇಕೋ ಎಂಬುದನ್ನು ಬಳಕೆದಾರರು ಬದಲಿಸಿಕೊಳ್ಳಬಹುದಿತ್ತು. ಗಮನ ಬೇಡುವ ತಂತ್ರಾಂಶದ ಐಕಾನ್ ಅಲುಗಾಡುತ್ತಿತ್ತು. ಬಣ್ಣವನ್ನು ಪೂರ್ತಿ ತೆಗೆದರೂ ತ್ರಿಕೋನಗಳ ಎಣಿಕೆ ಮತ್ತು ಸ್ಥಾನದಿಂದ ಎಲ್ಲವೂ ತಿಳಿಯುತ್ತಿತ್ತು ಎಂಬುದು ಈ ವಿನ್ಯಾಸದ ಹೆಚ್ಚುಗಾರಿಕೆ. 2017ರ ಅಕ್ಟೋಬರಿನ 17.10 ಆವೃತ್ತಿಯಿಂದ ಉಬುಂಟು ಗ್ನೋಮ್‌ಗೆ ಮರಳಿತು. ತ್ರಿಕೋನಗಳ ಜಾಗದಲ್ಲಿ ಕಿತ್ತಳೆ ಚುಕ್ಕೆಗಳು ಬಂದವು.

ಗುರುತು ಹೇಳಬೇಕಾದ ಸಂಗತಿಗಳು

ಈ ಇತಿಹಾಸವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಐಕಾನ್ ಆರು ಬಗೆಯ ಸಂಗತಿಗಳನ್ನು ತಿಳಿಸಬೇಕಾಗುತ್ತದೆ ಎಂಬುದು ಸ್ಪಷ್ಟ.

ಒಂದು, ತಂತ್ರಾಂಶ ಮುಚ್ಚಿದೆ.
ಎರಡು, ಕ್ಲಿಕ್ಕು ತಲುಪಿದೆ, ತಂತ್ರಾಂಶ ತೆರೆದುಕೊಳ್ಳುತ್ತಿದೆ.
ಮೂರು, ಚಾಲನೆಯಲ್ಲಿದೆ.
ನಾಲ್ಕು, ಈಗ ಮುಂದಿರುವುದು ಇದೇ.
ಐದು, ಇದರ ಕಿಟಕಿಗಳು ಒಂದಕ್ಕಿಂತ ಹೆಚ್ಚಿವೆ.
ಆರು, ಇದು ನಿಮ್ಮ ಗಮನ ಬೇಡುತ್ತಿದೆ, ಇಲ್ಲವೇ ಒಂದು ಕೆಲಸದಲ್ಲಿ ತೊಡಗಿದೆ.

ಇವುಗಳಲ್ಲಿ ಎರಡನೆಯದು ಹೆಚ್ಚು ಅವಗಣನೆಗೆ ಒಳಗಾದುದು. ಬಳಕೆಯೋಗ್ಯತೆಯ ತಜ್ಞ ಜೇಕಬ್ ನೀಲ್ಸನ್ 1993ರ ತಮ್ಮ ಗ್ರಂಥದಲ್ಲಿ ನೀಡಿರುವ ಮಿತಿಗಳು ಇಂದಿಗೂ ಮಾನದಂಡವಾಗಿವೆ: 0.1 ಸೆಕೆಂಡಿನೊಳಗೆ ಪ್ರತಿಕ್ರಿಯೆ ಬಂದರೆ ಅದು ತಕ್ಷಣದ್ದೆಂದು ಮನಸ್ಸು ಭಾವಿಸುತ್ತದೆ, 1 ಸೆಕೆಂಡಿನವರೆಗೆ ಆಲೋಚನೆಯ ಓಘ ಕಡಿಯುವುದಿಲ್ಲ, 10 ಸೆಕೆಂಡು ಮೀರಿದರೆ ಗಮನ ಬೇರೆಡೆಗೆ ಹರಿಯುತ್ತದೆ. ದೊಡ್ಡ ತಂತ್ರಾಂಶಗಳು ಹಳೆಯ ಗಣಕದಲ್ಲಿ ತೆರೆಯಲು ಹಲವು ಸೆಕೆಂಡು ಹಿಡಿಯುವುದರಿಂದ, ಕ್ಲಿಕ್ಕಿಸಿದ ಕೂಡಲೇ ಐಕಾನ್ ಏನಾದರೂ ಮಾಡಲೇಬೇಕು. ಮ್ಯಾಕ್‌ನಲ್ಲಿ ಐಕಾನ್ ಪುಟಿಯುವುದು, ಕೆಡಿಇಯಲ್ಲಿ ಮೌಸ್ ಬಾಣದ ಪಕ್ಕದಲ್ಲಿ ಪುಟ್ಟ ಐಕಾನ್ ಕುಣಿಯುವುದು ಇದಕ್ಕಾಗಿಯೇ. ತೆರೆದುಕೊಳ್ಳಲು ವಿಫಲವಾದರೆ ಆ ಚಲನೆ ನಿಲ್ಲಬೇಕು, ವಿಫಲವಾದ ಸುದ್ದಿಯನ್ನೂ ಹೇಳಬೇಕು.

ಕೆಲಸದ ಪ್ರಗತಿಯನ್ನು ಐಕಾನಿನ ಮೇಲೆಯೇ ತೋರಿಸುವ ಕ್ರಮವನ್ನು ವಿಂಡೋಸ್ 7 ಬಳಕೆಗೆ ತಂದಿತು. ದೊಡ್ಡ ಕಡತವೊಂದನ್ನು ನಕಲಿಸುವಾಗ ಗುಂಡಿಯಲ್ಲಿ ಹಸಿರು ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ತಡೆದರೆ ಹಳದಿ, ದೋಷವಾದರೆ ಕೆಂಪು. ಯೂನಿಟಿಯೂ ಐಕಾನಿನ ಮೇಲೆ ಪ್ರಗತಿಯ ಪಟ್ಟಿಯನ್ನೂ ಸಂಖ್ಯೆಯನ್ನೂ ತೋರಿಸಲು ತಂತ್ರಾಂಶಗಳಿಗೆ ಅವಕಾಶ ನೀಡಿತ್ತು. ಆದರೆ ಆರೂ ಸಂಗತಿಗಳಿಗೆ ಆರು ಹೊಸ ಅಲಂಕಾರಗಳನ್ನು ತುಂಬಿದರೆ ಐಕಾನೇ ಕಾಣದಾಗುತ್ತದೆ. ಬಹುಕಾಲ ಉಳಿಯುವ ಸ್ಥಿತಿಗೆ ನಿಶ್ಚಲ ಗುರುತು, ಕ್ಷಣಿಕ ಸ್ಥಿತಿಗೆ ಚಲನೆ ಎಂಬ ವಿಂಗಡಣೆ ಇಲ್ಲಿ ನೆರವಾಗುತ್ತದೆ.

ಗುರುತಿನ ಹಿಂದಿನ ಲೆಕ್ಕ

ಗುರುತು ಎಷ್ಟೇ ಸ್ಪಷ್ಟವಾಗಿದ್ದರೂ ಅದು ನಿಜವನ್ನೇ ಹೇಳಬೇಕು. ಪರದೆಯ ಮೇಲೆ ಹೊಸ ಕಿಟಕಿ ತೆರೆದುಕೊಂಡಾಗ ಅದು ಯಾವ ಐಕಾನಿಗೆ ಸೇರಿದ್ದೆಂದು ಲಾಂಚರ್ ಪತ್ತೆಹಚ್ಚಬೇಕಾಗುತ್ತದೆ. ಲಿನಕ್ಸ್‌ನಲ್ಲಿ ಕಿಟಕಿ ಹೊತ್ತು ತರುವ ಗುರುತುಪದವನ್ನು, ತಂತ್ರಾಂಶದ ವಿವರ ಕಡತದಲ್ಲಿ ಬರೆದಿರುವ ಪದದೊಂದಿಗೆ ಹೋಲಿಸುತ್ತಾರೆ. ವಿಂಡೋಸ್ 7ರಿಂದ ಈಚೆಗೆ ಪ್ರತಿ ತಂತ್ರಾಂಶವೂ ತನ್ನದೇ ಗುರುತುಪದವನ್ನು ಘೋಷಿಸಿಕೊಳ್ಳಬಹುದು. ಈ ಎರಡು ಪದಗಳು ಹೊಂದದಿದ್ದರೆ ಎಡವಟ್ಟು ಖಚಿತ: ಕ್ಲಿಕ್ಕಿಸಿದ ಐಕಾನ್ ಗುರುತಿಲ್ಲದೆ ಹಾಗೆಯೇ ಇರುತ್ತದೆ, ಸಾಲಿನ ಕೊನೆಯಲ್ಲಿ ಅದೇ ತಂತ್ರಾಂಶದ ಇನ್ನೊಂದು ಐಕಾನ್ ಹೊಸದಾಗಿ ಹುಟ್ಟಿಕೊಳ್ಳುತ್ತದೆ.

ಚಾಲನೆ ಎಂಬ ಪದದ ಅರ್ಥವೂ ಎಲ್ಲೆಡೆ ಒಂದೇ ಅಲ್ಲ. ವಿಂಡೋಸ್‌ನಲ್ಲಿ ಗೆರೆ ಸೂಚಿಸುವುದು ಕಿಟಕಿಯನ್ನು. ಕೊನೆಯ ಕಿಟಕಿ ಮುಚ್ಚಿದರೆ ಸಾಮಾನ್ಯವಾಗಿ ತಂತ್ರಾಂಶವೂ ಮುಗಿಯಿತು. ಮ್ಯಾಕ್‌ನಲ್ಲಿ ಚುಕ್ಕೆ ಸೂಚಿಸುವುದು ತಂತ್ರಾಂಶವನ್ನು. ಎಲ್ಲ ಕಿಟಕಿಗಳನ್ನು ಮುಚ್ಚಿದ ಮೇಲೂ ಬಹಳಷ್ಟು ತಂತ್ರಾಂಶಗಳು ಚುಕ್ಕೆಯೊಂದಿಗೆ ಜೀವಂತವಾಗಿರುತ್ತವೆ. ಒಂದರಿಂದ ಇನ್ನೊಂದಕ್ಕೆ ಬಂದವರು ಗೊಂದಲಕ್ಕೀಡಾಗುವುದು ಇಲ್ಲಿಯೇ.

ಬಣ್ಣವೊಂದೇ ಸಾಲದು

ಉತ್ತರ ಯುರೋಪ್ ಮೂಲದ ಪುರುಷರಲ್ಲಿ ಸುಮಾರು 8 ಶೇಕಡಾ ಮಂದಿಗೆ ಕೆಂಪು ಮತ್ತು ಹಸಿರಿನ ನಡುವಣ ವ್ಯತ್ಯಾಸ ಸರಿಯಾಗಿ ಕಾಣದು. ಈ ದೋಷ ಪ್ರಮಾಣದಲ್ಲಿ ಹೆಚ್ಚುಕಡಿಮೆಯಾಗಿ ಎಲ್ಲ ಜನಾಂಗಗಳಲ್ಲೂ ಇದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುವುದರಿಂದ ತಿಳಿನೀಲಿಯ ಛಾಯೆಗಳನ್ನು ಬೇರ್ಪಡಿಸುವುದೂ ಕಷ್ಟವಾಗುತ್ತದೆ. ಹೀಗಿರುವಾಗ ಬಣ್ಣವನ್ನಷ್ಟೇ ನಂಬಿದ ಗುರುತು ಅನೇಕರಿಗೆ ಗುರುತೇ ಅಲ್ಲ.

ಜಾಲತಾಣಗಳಿಗಾಗಿ ವಿಶ್ವವ್ಯಾಪಿ ಜಾಲ ಒಕ್ಕೂಟ 2008ರಲ್ಲಿ ಪ್ರಕಟಿಸಿದ ಸುಗಮ್ಯತೆಯ ಮಾರ್ಗಸೂಚಿ, ಮಾಹಿತಿ ನೀಡಲು ಬಣ್ಣವೊಂದನ್ನೇ ಸಾಧನವಾಗಿಸಬಾರದು ಎನ್ನುತ್ತದೆ. ಯಾವುದೂ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ತೀವ್ರವಾಗಿ ಮಿನುಗಬಾರದೆಂಬ ನಿಯಮವೂ ಅದರಲ್ಲಿದೆ. ಅಂಥ ಮಿನುಗು ಕೆಲವರಲ್ಲಿ ಅಪಸ್ಮಾರವನ್ನು ಪ್ರಚೋದಿಸಬಲ್ಲದು. 2018ರ ಪರಿಷ್ಕರಣೆ, ಸ್ಥಿತಿಯನ್ನು ತಿಳಿಸುವ ಚಿತ್ರಾತ್ಮಕ ಗುರುತಿಗೂ ಅದರ ಪಕ್ಕದ ಬಣ್ಣಕ್ಕೂ ಕನಿಷ್ಠ 3:1 ಪ್ರಮಾಣದ ಬೆಳಕಿನ ವ್ಯತ್ಯಾಸ ಇರಬೇಕೆಂದು ಸೇರಿಸಿತು. ಇವು ಜಾಲಪುಟಗಳಿಗೆಂದು ಬರೆದವಾದರೂ ಲಾಂಚರಿಗೂ ಒಳ್ಳೆಯ ಅಳತೆಗೋಲು. ಅರೆಪಾರದರ್ಶಕ ಪಟ್ಟಿಯ ಮೇಲೆ ಈ ಪ್ರಮಾಣವನ್ನು ಕಾಯುವುದು ಕಠಿಣ. ಬಳಕೆದಾರ ಹಾಕಿಕೊಳ್ಳುವ ಹಿನ್ನೆಲೆ ಚಿತ್ರ ಯಾವುದೆಂದು ವಿನ್ಯಾಸಕಾರನಿಗೆ ಮೊದಲೇ ತಿಳಿದಿರುವುದಿಲ್ಲ. ಕಣ್ಣು ಕಾಣದವರಿಗೆ ಪರದೆಯನ್ನು ಓದಿಹೇಳುವ ತಂತ್ರಾಂಶವೂ ಐಕಾನಿನ ಹೆಸರಿನ ಜೊತೆಗೆ ಅದು ಚಾಲನೆಯಲ್ಲಿದೆ ಎಂಬುದನ್ನು ಉಚ್ಚರಿಸುವಂತಿರಬೇಕು.

ಹೆಸರು ಮರೆಯಾದ ಪಟ್ಟಿ ಮತ್ತು ಕನ್ನಡ

ವಿಂಡೋಸ್ 95ರ ಗುಂಡಿಗಳ ಮೇಲೆ ಹೆಸರಿತ್ತು. ವಿಂಡೋಸ್ 7 ಪೂರ್ವನಿಯೋಜಿತವಾಗಿ ಹೆಸರನ್ನು ತೆಗೆದು ಐಕಾನನ್ನು ಮಾತ್ರ ಉಳಿಸಿತಾದರೂ, ಬೇಕಾದವರು ಹೆಸರನ್ನು ಮರಳಿ ಪಡೆಯಬಹುದಿತ್ತು. ವಿಂಡೋಸ್ 11 ಬಂದಾಗ ಆ ಆಯ್ಕೆಯೂ ಇರಲಿಲ್ಲ. ಬಳಕೆದಾರರ ಒತ್ತಾಯದ ನಂತರ 2023ರಲ್ಲಿ ಅದನ್ನು ಹಿಂದಿರುಗಿಸಲಾಯಿತು. ಒಂದೇ ತಂತ್ರಾಂಶದಲ್ಲಿ ನಾಲ್ಕು ಕಡತಗಳನ್ನು ತೆರೆದು ದುಡಿಯುವವರಿಗೆ ಚುಕ್ಕೆಗಿಂತ ಹೆಸರೇ ಮುಖ್ಯ ಎಂಬುದಕ್ಕೆ ಇದು ನಿದರ್ಶನ.

ಕನ್ನಡದಲ್ಲಿ ಗಣಕ ಬಳಸುವವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಗ್ನೋಮ್, ಕೆಡಿಇಗಳಂಥ ವ್ಯವಸ್ಥೆಗಳಿಗೆ ಕನ್ನಡ ಅನುವಾದವಿದೆ. ಆದರೆ ಇಂಗ್ಲಿಷ್ ಅಕ್ಷರಗಳ ಎತ್ತರಕ್ಕೆ ಅಳೆದು ಮಾಡಿದ ಪಟ್ಟಿಯಲ್ಲಿ ಕನ್ನಡದ ಒತ್ತಕ್ಷರಗಳಿಗೆ ಜಾಗ ಸಾಲುವುದಿಲ್ಲ. ‘ಪಠ್ಯ’, ‘ಚಿತ್ರ’, ‘ವ್ಯವಸ್ಥೆ’ ಮುಂತಾದ ಪದಗಳ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. ಹೆಸರಿನ ಅಡಿಯಲ್ಲೇ ಗೆರೆಯೋ ಚುಕ್ಕೆಯೋ ಇದ್ದರೆ ಒತ್ತು ಅದಕ್ಕೆ ತಾಗುತ್ತದೆ, ಇಲ್ಲವೇ ಕತ್ತರಿಸಿಹೋಗುತ್ತದೆ. ಕನ್ನಡ ಹೆಸರುಗಳು ಉದ್ದವಾಗಿರುವುದರಿಂದ ಗುಂಡಿಯಲ್ಲಿ ಮೂರು ನಾಲ್ಕು ಅಕ್ಷರಗಳಷ್ಟೇ ಉಳಿದು ಮಿಕ್ಕದ್ದು ಚುಕ್ಕೆಗಳಲ್ಲಿ ಕರಗುವುದೂ ಉಂಟು. ಗುರುತನ್ನು ಹೆಸರಿನ ಅಡಿಯಿಂದ ಐಕಾನಿನ ಪಕ್ಕಕ್ಕೆ ಸರಿಸಿದರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ. ಕನ್ನಡಕ್ಕೆ ಒಗ್ಗುವ ಈ ಕ್ರಮ ಒತ್ತಕ್ಷರಗಳುಳ್ಳ ತೆಲುಗಿಗೂ ಒಗ್ಗುತ್ತದೆ.

ಗುರುತೇ ಬೇಡವೇ?

ಮೊಬೈಲ್ ದೂರವಾಣಿಯ ಮುಖ್ಯ ಪರದೆಯಲ್ಲಿ ಐಕಾನುಗಳ ಅಡಿಯಲ್ಲಿ ಚಾಲನೆಯ ಚುಕ್ಕೆ ಇರುವುದಿಲ್ಲ. ಅಲ್ಲಿ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಉಳಿಸಬೇಕು ಎಂಬುದನ್ನು ವ್ಯವಸ್ಥೆಯೇ ನಿರ್ಧರಿಸುತ್ತದೆ. ಇದೇ ವಿಚಾರವನ್ನು ಆಪಲ್ 2011ರ ಜುಲೈನಲ್ಲಿ ಬಂದ ಲಯನ್ ಆವೃತ್ತಿಯ ಮೂಲಕ ಮ್ಯಾಕ್‌ಗೂ ತಂದಿತು. ಕಡತಗಳು ತಾವಾಗಿಯೇ ಉಳಿಯುವ ವ್ಯವಸ್ಥೆ, ಮುಚ್ಚಿದ ತಂತ್ರಾಂಶ ಮರಳಿ ತೆರೆದಾಗ ಹಿಂದಿನ ಸ್ಥಿತಿಯಲ್ಲೇ ಕಾಣಿಸಿಕೊಳ್ಳುವ ವ್ಯವಸ್ಥೆ, ಕಿಟಕಿಗಳಿಲ್ಲದ ತಂತ್ರಾಂಶವನ್ನು ತಾನೇ ನಿಲ್ಲಿಸುವ ವ್ಯವಸ್ಥೆ ಒಟ್ಟಿಗೆ ಬಂದವು. ಜೊತೆಗೆ ಡಾಕ್‌ನ ಬೆಳಕಿನ ಬಿಂದುಗಳನ್ನು ಪೂರ್ತಿ ಆರಿಸುವ ಆಯ್ಕೆಯೂ ಬಂತು. ಏನೂ ಕಳೆದುಹೋಗದು ಎಂದಾದರೆ, ಏನು ಓಡುತ್ತಿದೆ ಎಂಬ ಚಿಂತೆ ಬಳಕೆದಾರನಿಗೇಕೆ ಎಂಬುದು ಅದರ ಹಿಂದಿನ ವಾದ.

ವಾದದಲ್ಲಿ ಹುರುಳಿದೆ. ಆದರೆ ಅದು ನಿಲ್ಲುವುದು ಎಲ್ಲ ತಂತ್ರಾಂಶಗಳೂ ಆ ಶಿಸ್ತನ್ನು ಪಾಲಿಸಿದಾಗ ಮಾತ್ರ. ಲೆಕ್ಕಪತ್ರದ ತಂತ್ರಾಂಶ, ವಿಡಿಯೋ ಸಂಪಾದನೆಯ ತಂತ್ರಾಂಶ, ಹಳೆಯ ಕಚೇರಿ ತಂತ್ರಾಂಶಗಳು ಇಂದಿಗೂ ಕಡತವನ್ನು ಕೈಯಾರೆ ಉಳಿಸುವುದನ್ನೇ ಅಪೇಕ್ಷಿಸುವುದುಂಟು. ಕಡಿಮೆ ಮೆಮೊರಿಯ ಗಣಕದಲ್ಲಿ ಒಂದು ತಂತ್ರಾಂಶ ಹೆಚ್ಚಾದರೂ ಇಡೀ ಯಂತ್ರ ಕುಂಟುತ್ತದೆ. ಡಾಕ್‌ನ ಬಿಂದುವನ್ನು ಆರಿಸುವ ಆಯ್ಕೆ ಬಂದು ಹಲವು ವರ್ಷಗಳಾದರೂ ಮ್ಯಾಕ್‌ನಲ್ಲಿ ಚುಕ್ಕೆ ಉಳಿದುಕೊಂಡಿರುವುದು ಈ ಅಗತ್ಯವನ್ನೇ ತೋರುತ್ತದೆ.

ವಿನ್ಯಾಸವನ್ನು ಪರೀಕ್ಷಿಸುವ ಬಗೆ

ಲಾಂಚರ್ ರೂಪಿಸುವವರು ತಮ್ಮ ಗುರುತನ್ನು ಕೆಲವು ಸರಳ ಪರೀಕ್ಷೆಗಳಿಗೆ ಒಡ್ಡಬಹುದು. ಪರದೆಯ ಚಿತ್ರವನ್ನು ಕಪ್ಪುಬಿಳುಪಿಗೆ ಬದಲಿಸಿ ನೋಡಬೇಕು. ಆಗಲೂ ಓಡುತ್ತಿರುವ ತಂತ್ರಾಂಶಗಳು ಯಾವುವೆಂದು ತಿಳಿಯಬೇಕು. ಅಚ್ಚ ಬಿಳಿಯ, ಕಡುಗಪ್ಪಿನ ಮತ್ತು ತುಂಬಾ ಗಿಜಿಗುಡುವ ಹಿನ್ನೆಲೆ ಚಿತ್ರಗಳ ಮೇಲೆ ಗುರುತು ಕಾಣಬೇಕು. ಓದುವ ಕನ್ನಡಕ ತೆಗೆದಿಟ್ಟ ಅರವತ್ತರ ವಯಸ್ಸಿನವರಿಗೂ ಅದು ಗೋಚರಿಸಬೇಕು. ಎರಡು ಕಿಟಕಿಗಳಿಗೂ ಐದು ಕಿಟಕಿಗಳಿಗೂ ಇರುವ ವ್ಯತ್ಯಾಸ ಮುಖ್ಯವೆನಿಸಿದರೆ ಗುರುತು ಅದನ್ನು ಹೇಳಬೇಕು, ಮುಖ್ಯವಲ್ಲವಾದರೆ ಹೇಳುವ ಪ್ರಯತ್ನವನ್ನೇ ಬಿಡಬೇಕು.

ಬಳಕೆದಾರರೂ ಸುಮ್ಮನೆ ಕೂರಬೇಕಾಗಿಲ್ಲ. ವಿಂಡೋಸ್ 11ರಲ್ಲಿ ಟಾಸ್ಕ್‌ಬಾರಿನ ಸೆಟ್ಟಿಂಗ್ಸ್‌ಗೆ ಹೋಗಿ ಗುಂಡಿಗಳನ್ನು ಒಂದುಗೂಡಿಸದಂತೆ ಆಯ್ಕೆ ಮಾಡಿದರೆ ಹೆಸರುಗಳು ಮರಳುತ್ತವೆ. ಮ್ಯಾಕ್‌ನಲ್ಲಿ ಡಾಕ್‌ನ ಸೆಟ್ಟಿಂಗ್ಸ್‌ನಲ್ಲಿ ತೆರೆದಿರುವ ತಂತ್ರಾಂಶಗಳ ಗುರುತನ್ನು ತೋರಿಸುವ ಆಯ್ಕೆ ಚಾಲೂ ಇದೆಯೇ ಎಂದು ನೋಡಿಕೊಳ್ಳಬಹುದು. ಪಾರದರ್ಶಕತೆಯನ್ನು ತಗ್ಗಿಸುವ ಆಯ್ಕೆ ಎರಡೂ ವ್ಯವಸ್ಥೆಗಳಲ್ಲಿದ್ದು, ಅದರಿಂದ ಗುರುತು ಇನ್ನಷ್ಟು ಎದ್ದು ಕಾಣುತ್ತದೆ. ಗಣಕಕ್ಕೆ ಹೊಸಬರಾದ ಹಿರಿಯರಿಗೆ ಲ್ಯಾಪ್‌ಟಾಪ್ ಕೊಡಿಸುವವರು ಮೊದಲ ದಿನವೇ ಈ ಎರಡು ಮೂರು ಬದಲಾವಣೆಗಳನ್ನು ಮಾಡಿಕೊಟ್ಟು, ಚುಕ್ಕೆಯ ಅರ್ಥವನ್ನು ಒಮ್ಮೆ ತೋರಿಸಿಕೊಡುವುದು ಒಳಿತು.